ಬನಶಂಕರಿಯ ಹೊಂಡದ ದಂಡೆಯ ಊಟ

'ಹೊಟೇಲಿನಲ್ಲಿ ಉಂಡು ಬಂದೆವು' ಎಂದು ಯಾರಾದರೂ ಹೇಳಿದರೆ ನಿಮ್ಮ ಕಣ್ಣ ಮುಂದೆ ಏನು ಬರುವದು? ಮೇಜು, ಕುರ್ಚಿ, ಗೋಡೆಗೆ ತೂಗುಹಾಕಿದ ದರಪಟ್ಟಿ, ತಿಂಡಿಗಳ ಹೆಸರನ್ನು ಬಾಯಿಪಾಠದಂತೆ ಒಪ್ಪಿಸುವ ಮಾಣಿ, ಗಲ್ಲೆಯ ಮೇಲೆ ಕುಳಿತ ಮಾಲಕ. ಇವುಗಳಲ್ಲಿ ಒಂದೂ ಇಲ್ಲದ, ಬಾಗಿಲು ಸಹ ಇಲ್ಲದ ಒಂದು ಊಟದ ಮನೆಯ ವಿಷಯವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅದು ಬಾದಾಮಿಯಿಂದ ಸುಮಾರು ೫ ಕಿಲೋಮೀಟರು ದೂರದಲ್ಲಿ, ಚೊಳಚಗುಡ್ಡದ ಬನಶಂಕರಿ ಗುಡಿಯ ಅಂಗಳದಲ್ಲಿದೆ. ಅಲ್ಲಿ ಗಿಡದ ನೆರಳೇ ಮಾಡು, ಹಾಸುಗಲ್ಲೇ ಮಣೆ. ಅಡಿಗೆ ಮಾಡಿದವಳೇ ಬಡಿಸುವಳು, ಬಡಿಸಿದವಳೇ ಹಣ ಎಣಿಸಿಕೊಳ್ಳುವಳು.

ಸ್ಥಳದ ಪರಿಚಯವಿಲ್ಲದವರಿಗಾಗಿ ಎರಡು ಮಾತು. 'ಬನ' ಎಂಬುದು 'ವನ' ಶಬ್ದದ ತದ್ಭವ. ವಸಂತ ಬಸಂತವಾದಂತೆ, ವಸದಿ ಬಸದಿಯಾದಂತೆ, ವನಶಂಕರಿ ನಮ್ಮವರ ಬಾಯಲ್ಲಿ ಬನಶಂಕರಿಯಾದಳು. ಈ ಅಡವಿಗೆ ತಿಲಕಾರಣ್ಯವೆಂದು ಹಳೆಯ ಹೆಸರು. ಮಲಪ್ರಭೆಯ ಹೊಳೆಸಾಲಿನಲ್ಲಿ ಇಂದಿಗೂ ತೆಂಗು, ಬಾಳೆ, ಎಲೆಬಳ್ಳಿಯ ತೋಟಗಳಿವೆ. ಆದಕಾರಣ 'ಬನ' ಎಂಬ ಮಾತು ಪೂರಾ ಸುಳ್ಳಾಗಿಲ್ಲ. ಕ್ಷೇತ್ರ ಚಾಲುಕ್ಯರ ಕಾಲದಷ್ಟು ಹಳೆಯದು. ಈಗ ನಾವು ಕಾಣುವ ಗುಡಿಯನ್ನು ೧೭೫೦ರಲ್ಲಿ ಪರಶುರಾಮ ಅಗಳೆ ಎಂಬ ಮರಾಠಾ ಸರದಾರ ಕಟ್ಟಿಸಿದನು. ಗುಡಿಯ ಎದುರಿಗಿರುವ, ಒಂದೊಂದು ಬದಿಗೆ ಸುಮಾರು ೩೬೦ ಅಡಿಯ ದೊಡ್ಡ ಚೌಕ ಹೊಂಡಕ್ಕೆ ಹರಿದ್ರಾತೀರ್ಥವೆಂದು ಹೆಸರು. ಅದರ ಸುತ್ತಲಿನ ಕಲ್ಲುಕಂಬದ ಸಾಲು ಬಿಸಿಲಿಗೆ ಬಂದ ಯಾತ್ರಿಕರಿಗೆ ತಾಯಿಯ ಸೆರಗಿನಂತಿದೆ.

ದೇವಿಗೆ ಶಾಕಂಭರಿ ಎಂಬ ಇನ್ನೊಂದು ಹೆಸರೂ ಉಂಟು. ಶಾಕವೆಂದರೆ ಕಾಯಿಪಲ್ಯ, ಭರಿಸುವವಳು ಎಂದರೆ ಹೊತ್ತು ಸಲಹುವವಳು. ಬಹುಕಾಲದ ಅನಾವೃಷ್ಟಿಯಲ್ಲಿ ತನ್ನ ಮೈಯಿಂದಲೇ ಹುಟ್ಟಿದ ಶಾಕಗಳಿಂದ ಲೋಕವನ್ನು ಬದುಕಿಸುವೆನೆಂದು ದೇವಿಯು ನುಡಿದ ಪ್ರಸಂಗ ಮಾರ್ಕಂಡೇಯ ಪುರಾಣದ ದೇವೀಮಾಹಾತ್ಮ್ಯೆಯಲ್ಲಿ ಬರುತ್ತದೆ. ದೇವತೆಗಳಲ್ಲಿ ಶತ್ರುಸಂಹಾರ ಮಾಡಿದವರು ಅನೇಕರು. ಕಾಯಿಪಲ್ಯ ತಂದವಳು ಇವಳು. ಮಳೆಯನ್ನು ನೋಡುತ್ತ ಕೂಡ್ರುವ ನಮ್ಮ ಬಯಲುಸೀಮೆಗೆ ಇಂಥ ದೇವತೆಯೇ ತಕ್ಕವಳೆಂದು ನನಗೆ ಅನಿಸುವದು.

ಇನ್ನು ಊಟಕ್ಕೆ ಬರೋಣ. ದರ್ಶನ ಮುಗಿಸಿ ನೀವು ಹೊರಗೆ ಬರುವಿರಿ. ಆಗಲೇ ಕೂಗು ಕೇಳಿಸುವದು: "ಬರ್ರಿ ಅಣ್ಣಾರ, ರೊಟ್ಟಿ ಉಣ್ಣಬರ್ರಿ! ಎವ್ವಾ, ಗಡಿಗಿ ಮೊಸರ ಐತಿ, ಬಾರವ್ವಾ!" ಕೂಗುವವರು ಸುತ್ತಲಿನ ಊರುಗಳ ಹೆಣ್ಣುಮಕ್ಕಳು, ಬಹುಮಂದಿ ನಡುವಯಸ್ಸು ದಾಟಿದವರು. ಇಳಕಲ್ಲ ಸೀರೆಯ ಸೆರಗು ತಲೆಯ ಮೇಲೆ, ಅದರ ಮೇಲೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ. ಈ ಬುಟ್ಟಿಯೇ ಅವರ ಅಡಿಗೆಮನೆ, ಉಗ್ರಾಣ, ಅಂಗಡಿ ಎಲ್ಲವೂ. ಬಿಳಿ ಅರಿವೆಯಲ್ಲಿ ಸುತ್ತಿದ ರೊಟ್ಟಿಯ ಅಡಕಲು, ಡಬ್ಬಿಗಳಲ್ಲಿ ಎರಡು ಮೂರು ಬಗೆಯ ಪಲ್ಯ, ಹಿಂಡಿ, ಕೆಂಪು ಚಟ್ನಿ, ಒಂದು ಮೂಲೆಗೆ ಉಳ್ಳಾಗಡ್ಡಿ, ಮೇಲೆ ಮಣ್ಣಿನ ಪುಟ್ಟ ಗಡಿಗೆಗಳಲ್ಲಿ ಹೆಪ್ಪುಗಟ್ಟಿದ ಮೊಸರು. ನೀವು ಎಲ್ಲಿ ಕೂಡ್ರುವಿರೋ ಅಲ್ಲಿಗೇ ಈ ಊಟದ ಮನೆ ಇಳಿಯುವದು. ಗಿರಾಕಿಯೇ ಊಟದ ಮನೆಗೆ ಹೋಗುವದು ಲೋಕರೂಢಿ. ಇಲ್ಲಿ ಅದು ತಿರುಗುಮುರುಗು.

ಹೊಸಬರು ಸಾಮಾನ್ಯವಾಗಿ ಏನು ಕೇಳಬೇಕೆಂದು ತಿಳಿಯದೆ ಗಲಿಬಿಲಿಗೊಳ್ಳುವರು. ಕೇಳುವ ಕಾರಣವೇ ಇಲ್ಲ. ಕುಳಿತರೆ ಸಾಕು. ಮೊದಲು ಎರಡು ಜೋಳದ ರೊಟ್ಟಿ ಬೀಳುವವು; ಅವುಗಳ ಮೇಲೆಯೇ ಪಕ್ಕದಲ್ಲಿ ಬದನೆಕಾಯಿ ಎಣ್ಣೆಗಾಯಿ, ಮಡಿಕೆಕಾಳು ಅಥವಾ ಹೆಸರುಕಾಳಿನ ಪಲ್ಯ, ಒಮ್ಮೊಮ್ಮೆ ಪುಂಡಿಪಲ್ಯ ಅಥವಾ ಝುಣಕ. ಶೇಂಗಾಹಿಂಡಿಯ ಮೇಲೆ ಮೊಸರು ಹಾಕಿ ಬೆರಳಿನಿಂದ ಕಲಿಸಿಕೊಳ್ಳಬೇಕು. ಇದನ್ನು ಚಮಚದಿಂದ ಮಾಡುವವರನ್ನು ನಾನು ನೋಡಿದ್ದೇನೆ. ಆಕ್ಷೇಪಣೆಯಿಲ್ಲ, ಆದರೆ ರುಚಿ ಕೂಡಿಬರುವದಿಲ್ಲ. ಉಳ್ಳಾಗಡ್ಡಿಯನ್ನು ಚಾಕುವಿನಿಂದ ಹೆಚ್ಚದೆ ಮುಷ್ಟಿಯಿಂದ ಗುದ್ದಿ ಒಡೆದುಕೊಳ್ಳುವದು ರೂಢಿ. ಚಳಿಗಾಲದಲ್ಲಾದರೆ ಹಸಿ ಮೆಂತೆ, ಹಕ್ಕರಕಿ, ಗಜ್ಜರಿ, ಸವತಿಕಾಯಿ ಇವೂ ಜತೆಗೂಡುವವು.

ಇಲ್ಲಿ ಮೈಸೂರ ಕಡೆಯ ಓದುಗರಿಗೆ ಒಂದು ಶಬ್ದವನ್ನು ಬಿಡಿಸಿ ಹೇಳಬೇಕು. ಅಲ್ಲಿ 'ಪಲ್ಯ' ಎಂದರೆ ಒಗ್ಗರಣೆ ಕೊಟ್ಟು ಬೇಯಿಸಿದ ಪದಾರ್ಥ. ನಮ್ಮಲ್ಲಿ ಅದೂ ಪಲ್ಯ, ಹೊಲದಿಂದ ಕಿತ್ತು ತಂದ ಹಸಿ ಸೊಪ್ಪೂ ಪಲ್ಯ. ಸಂತೆಯಲ್ಲಿ 'ಪಲ್ಯ ಕೊಡ್ರಿ' ಎಂದರೆ ಸೊಪ್ಪಿನ ಸಿವುಡು ಬರುವದು, ಬೇಯಿಸಿದ್ದಲ್ಲ. ಕಚ್ಚಾ ಪದಾರ್ಥಕ್ಕೂ ಪಕ್ವ ಪದಾರ್ಥಕ್ಕೂ ಒಂದೇ ಹೆಸರಿರುವದು ಭಾಷೆಯ ಬಡತನವಲ್ಲ. ಹಸಿಯದನ್ನೂ ಬೇಯಿಸಿದ್ದನ್ನೂ ಒಂದೇ ತಟ್ಟೆಯಲ್ಲಿ ಸಮಾನವಾಗಿ ಉಣ್ಣುವ ಜನರ ನಾಲಗೆಗೆ ಎರಡು ಹೆಸರು ಬೇಕಾಗಲಿಲ್ಲ, ಅಷ್ಟೆ.

ರೊಟ್ಟಿಯ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದಿದೆ, ಏಕೆಂದರೆ ಈ ಊಟದ ಬಲವೆಲ್ಲ ಅದರಲ್ಲಿದೆ. ಗೋದಿಯ ಹಿಟ್ಟಿನಲ್ಲಿ ಒಂದು ಜಿಗುಟಾದ ಸಸಾರಜನಕ ಪದಾರ್ಥವಿದೆ. ನೀರು ಹಾಕಿ ನಾದಿದರೆ ಅದು ರಬ್ಬರಿನಂತೆ ಜಗ್ಗುವದು. ಆದುದರಿಂದ ಚಪಾತಿಯನ್ನು ಲಟ್ಟಣಿಗೆಯಿಂದ ಎಷ್ಟು ಬೇಕಾದರೂ ಹಿಗ್ಗಿಸಬಹುದು. ಜೋಳದಲ್ಲಿ ಆ ಪದಾರ್ಥವಿಲ್ಲ. ತಣ್ಣೀರಿನಲ್ಲಿ ಕಲಿಸಿದ ಜೋಳದ ಹಿಟ್ಟು ಮಗ್ಗುಲು ಮುಟ್ಟಿದರೆ ಒಡೆಯುವದು. ನಮ್ಮ ಹೆಂಗಸರು ಕಂಡುಕೊಂಡ ಉಪಾಯ ಎಸರು. ಕುದಿಯುವ ನೀರನ್ನು ಹಿಟ್ಟಿನ ಒಂದು ಭಾಗಕ್ಕೆ ಹೊಯ್ದರೆ ಅದರ ಪಿಷ್ಟವು ಬೆಂದು ಅಂಟಾಗುವದು. ಆ ಅಂಟೇ ಉಳಿದ ಹಿಟ್ಟನ್ನು ಹಿಡಿದುಕೊಳ್ಳುವದು. ಅನಂತರ ಅಂಗೈಯ ಕೆಳಭಾಗದಿಂದ ನಾದಿ, ಉಂಡೆ ಮಾಡಿ, ಒಣಹಿಟ್ಟು ಉದುರಿಸಿ ಬಡಿಯಬೇಕು. 'ರೊಟ್ಟಿ ಬಡಿಯುವದು' ಎನ್ನುತ್ತೇವೆಯೇ ಹೊರತು ಲಟ್ಟಿಸುವದು ಎನ್ನುವದಿಲ್ಲ. ಒಂದು ಕೈ ಬಡಿಯುತ್ತಿದ್ದರೆ ಇನ್ನೊಂದು ಕೈ ಅಂಚನ್ನು ಸರಿಪಡಿಸುತ್ತ ರೊಟ್ಟಿಯನ್ನು ಸುತ್ತಿಸುವದು. ಹಂಚಿನ ಮೇಲೆ ಹಾಕಿದೊಡನೆ ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರಬೇಕು. ಆ ತೇವ ಒಣಹಿಟ್ಟನ್ನು ಮೈಗೆ ಹಿಡಿಸಿ, ರೊಟ್ಟಿ ಬಿರಿಯದಂತೆ ನೋಡಿಕೊಳ್ಳುವದು. ತಿರುವಿ ಹಾಕಿದ ಮೇಲೆ ಒಳಗಿನ ನೀರು ಉಗಿಯಾಗಿ ರೊಟ್ಟಿಯನ್ನು ಉಬ್ಬಿಸಿ ಎರಡು ಪದರು ಮಾಡುವದು. ಉಬ್ಬದ ರೊಟ್ಟಿ ನಡುವೆ ಹಸಿಯಾಗಿ ಉಳಿಯುವದು. ಎಸರು ಎಷ್ಟು, ಹಿಟ್ಟು ಹಳೆಯದೋ ಹೊಸತೋ, ಉರಿ ಎಷ್ಟು ಎಂಬುದನ್ನು ಯಾವ ಗ್ರಂಥದಲ್ಲಿಯೂ ಹುಡುಕಬೇಡಿರಿ. ೧೦೨೫ರ ಸುಮಾರಿಗೆ ಚಾವುಂಡರಾಯನು ಬರೆದ ಲೋಕೋಪಕಾರದಲ್ಲಿ ಅಡಿಗೆಯ ಅಧ್ಯಾಯವಿದೆ. ಮೂರನೆಯ ಮಂಗರಸನ ಸೂಪಶಾಸ್ತ್ರವಂತೂ ಇಡಿಯ ಗ್ರಂಥವೇ ಅಡಿಗೆಗಾಗಿ. ಓದಿ ಆನಂದಿಸಿರಿ. ಆದರೆ ರೊಟ್ಟಿಯ ಎಸರಿನ ಅಳತೆ ಅವ್ವನ ಕೈಯಿಂದ ಮಗಳ ಕೈಗೆ ಬಂದದ್ದು, ಕಣ್ಣಿನಿಂದ ನೋಡಿ ಕಲಿತದ್ದು.

ಬಿಸಿ ರೊಟ್ಟಿ ಮೆತ್ತಗಿರುವದು. ಅದನ್ನೇ ಇನ್ನೂ ತೆಳ್ಳಗೆ ಬಡಿದು ಪೂರಾ ಒಣಗುವಂತೆ ಸುಟ್ಟರೆ ಖಡಕ್ ರೊಟ್ಟಿ. ನೀರಿನ ಅಂಶ ಹೋದದ್ದರಿಂದ ಅದಕ್ಕೆ ಬೂಸಲು ಹಿಡಿಯುವದಿಲ್ಲ, ವಾರಗಟ್ಟಲೆ ಬಾಳುವದು. ಹಿಂದೆ ಚಕ್ಕಡಿ ಕಟ್ಟಿಕೊಂಡು ಜಾತ್ರೆಗೆ ಬರುವವರು ಬುತ್ತಿಯ ಗಂಟಿನಲ್ಲಿ ಇದನ್ನೇ ತರುತ್ತಿದ್ದರು. ಬುಟ್ಟಿಯ ಅವ್ವನ ಹತ್ತಿರ ಎರಡೂ ಬಗೆ ಸಿಗುವವು. ಹಲ್ಲಿನ ಯೋಗ್ಯತೆಯನ್ನು ನೋಡಿಕೊಂಡು ಕೇಳಿರಿ.

ಖಾರದ ಮಾತು. ಬುಟ್ಟಿಯಲ್ಲಿರುವ ಕೆಂಪು ಚಟ್ನಿಯನ್ನು ಕಂಡು ಹೊರಊರಿನವರು ಅಂಜುವರು. ಬಣ್ಣವನ್ನು ನೋಡಿ ಖಾರವನ್ನು ಅಳೆಯಬಾರದು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಬಹಳ, ಖಾರ ಕಡಮೆ. ಆದರೂ ನಾಲಗೆ ಉರಿದರೆ ನೀರು ಕುಡಿಯಬೇಡಿರಿ. ಮೆಣಸಿನಕಾಯಿಯ ಖಾರದ ಸತ್ತ್ವ ನೀರಿನಲ್ಲಿ ಕರಗುವದಿಲ್ಲ. ನೀರು ಅದನ್ನು ಬಾಯಿತುಂಬ ಹರಡುವದಷ್ಟೆ. ಹಾಲು-ಮೊಸರಿನಲ್ಲಿರುವ ಸಸಾರಜನಕವು ಅದನ್ನು ಹಿಡಿದು ತೊಳೆದುಕೊಂಡು ಹೋಗುವದು. ಹಿಂಡಿಯ ಬೆನ್ನಿಗೆ ಮೊಸರು ಬರುವದರ ಮರ್ಮ ಇದು.

ಆ ಮೊಸರಾದರೂ ಎಂಥದು! ಗಡಿಗೆಯನ್ನು ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುವವು. ಮೊಸರಿನ ನೀರು ಅವುಗಳಲ್ಲಿ ಇಂಗಿ ಹೊರಮೈಗೆ ಬಂದು ಆರುವದು. ಆರುವಾಗ ಗಡಿಗೆಯ ಶಾಖವನ್ನು ಒಯ್ಯುವದು. ಆದುದರಿಂದ ಮೊಸರು ಗಟ್ಟಿಯೂ ಆಗುವದು, ತಂಪಾಗಿಯೂ ಇರುವದು. ತಂಪಿನಲ್ಲಿ ಬೇಗ ಹುಳಿಯಾಗುವದಿಲ್ಲ. ಸ್ಟೀಲಿನ ಡಬ್ಬಿಯಲ್ಲಿ ಈ ಗುಣ ಬರಲಾರದು.

ಇಲ್ಲಿ ಓದುಗರು ಒಂದು ಸಂಬಂಧವನ್ನು ಗಮನಿಸಬೇಕು. ಎರೆಹೊಲದಲ್ಲಿ ಹಿಂಗಾರಿ ಜೋಳವನ್ನು ಸಪ್ಟೆಂಬರ-ಅಕ್ಟೋಬರಿನಲ್ಲಿ ಬಿತ್ತುತ್ತಾರೆ. ಮುಂದೆ ಹೆಚ್ಚು ಮಳೆ ಬಾರದಿದ್ದರೂ ನೆಲ ಹಿಡಿದಿಟ್ಟ ಹಸಿಯ ಮೇಲೆ, ಇಬ್ಬನಿಯ ತಂಪಿನಲ್ಲಿ ಅದು ಬೆಳೆಯುವದು. ತೆನೆಯ ಕಾಳು ರೊಟ್ಟಿಗೆ. ದಂಟು ಕಣಿಕೆಯಾಗಿ ಎಮ್ಮೆಗೆ. ಎಮ್ಮೆಯ ಹಾಲು ಮೊಸರಿಗೆ. ನಿಮ್ಮ ಕೈಯಲ್ಲಿರುವ ರೊಟ್ಟಿ, ಎದುರಿಗಿರುವ ಗಡಿಗೆ ಎರಡೂ ಒಂದೇ ಹೊಲದಿಂದ ಬಂದವುಗಳು. ೨೦೨೩ನೆಯ ವರುಷವನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿತು. ಜೋಳವೂ ಅದರಲ್ಲಿ ಸೇರಿತ್ತು. ದೊಡ್ಡ ಪಟ್ಟಣಗಳಲ್ಲಿ ಸಭೆಗಳಾದವು, ಪ್ರದರ್ಶನಗಳಾದವು. ಒಳ್ಳೆಯದೇ. ಆದರೆ ಅದೇ ಕಾಲದಲ್ಲಿ ನಮ್ಮ ಹೊಲಗಳಲ್ಲಿ ನೀರಾವರಿ ಬಂದಲ್ಲಿ ಕಬ್ಬು, ಗೋವಿನಜೋಳ, ಮಳೆಯ ಹೊಲದಲ್ಲಿ ಕಡಲೆ ಜೋಳದ ಜಾಗವನ್ನು ಒತ್ತುತ್ತಲೇ ಇವೆ. ಜೋಳವನ್ನು ಕೀಳುವ ಆಳು ಸಿಗುವದಿಲ್ಲವೆಂದು ರೈತರು ಹೇಳುತ್ತಾರೆ; ಅವರ ಮಾತಿನಲ್ಲಿ ನ್ಯಾಯವಿದೆ.

ಈ ಊಟವನ್ನು ಯಾವ ಜಾತಿಗೆ ಸೇರಿಸಬೇಕು? ನಮ್ಮ ಪೇಟೆಗಳಲ್ಲಿ ಖಾನಾವಳಿಗಳಿವೆ. ಶಬ್ದ ಮರಾಠಿಯ ನೆರೆಯಿಂದ ಬಂದದ್ದು. ಪದ್ಧತಿ ಕೋರ್ಟು-ಕಚೇರಿ, ಶಾಲೆ-ಕಾಲೇಜು, ಅಡತಿ ಅಂಗಡಿಗಳ ಸಲುವಾಗಿ ಮನೆ ಬಿಟ್ಟು ಬಂದವರ ಅವಶ್ಯಕತೆಯಿಂದ ಬೆಳೆದದ್ದು. ಅಲ್ಲಿ ಹಣ ಕೊಟ್ಟು ಉಣ್ಣುತ್ತೇವೆ, ಲೆಕ್ಕ ಚೊಕ್ಕ. ಇನ್ನೊಂದು ಕಡೆಗೆ, ಹುನಗುಂದದ ಸೀಮೆಯ ಕೂಡಲಸಂಗಮವನ್ನು ನೆನೆದರೆ ದಾಸೋಹದ ನೆನಪಾಗುವದು. ಅಲ್ಲಿ ಬೆಲೆಯ ಮಾತೇ ಇಲ್ಲ. ಬನಶಂಕರಿಯ ಅವ್ವನ ಬುಟ್ಟಿ ಇವೆರಡರ ನಡುವೆ ಇದೆ. ಅವಳು ಹಣ ತೆಗೆದುಕೊಳ್ಳುವಳು; ತೆಗೆದುಕೊಳ್ಳಲೇಬೇಕು, ಅದೇ ಅವಳ ಸಂಸಾರ. ಆದರೆ ಬಡಿಸುವಾಗ ಅವಳ ಬಾಯಲ್ಲಿ ಬರುವ ಮಾತು ಅಂಗಡಿಯದಲ್ಲ. "ಯಾಕ ತಮ್ಮಾ, ಎರಡs ರೊಟ್ಟಿಗೆ ಕೈ ತೊಳಿತಿ? ಇನ್ನೊಂದ ಅರ್ಧಾ ಹಾಕ್ತೀನಿ, ಮೊಸರಾಗ ಉಣ್ಣು." ಪಲ್ಯ ಮುಗಿದರೆ ಕೇಳದೆಯೇ ಇನ್ನಷ್ಟು ಬೀಳುವದು, ಅದಕ್ಕೆ ಪ್ರತ್ಯೇಕ ಲೆಕ್ಕ ಹಿಡಿಯುವ ಮನಸ್ಸು ಅವಳಿಗೆ ಕಡಮೆ. ಇಂಥವಳ ಹತ್ತಿರ ಹತ್ತು ರೂಪಾಯಿಗಾಗಿ ಚೌಕಾಶಿ ಮಾಡುವ ಜನರನ್ನು ಕಂಡಾಗ ನನ್ನ ಮನಸ್ಸು ಕುದಿಯುವದು. ಅದೇ ಜನರು ಪೇಟೆಯ ಹೊಟೇಲಿನಲ್ಲಿ ತಾವು ಓದಲಾರದ ಬಿಲ್ಲಿಗೆ ಮರುಮಾತಿಲ್ಲದೆ ಹಣ ಕೊಟ್ಟು, ಮೇಲೆ ಮಾಣಿಗೂ ಕೊಟ್ಟು ಬರುತ್ತಾರೆ.

ದೂರದೇಶದ ಒಂದು ದೃಷ್ಟಾಂತವನ್ನು ಹೇಳಿದರೆ ಅಪ್ರಾಸಂಗಿಕವಾಗಲಾರದು. ಪೂರ್ವಸಮುದ್ರದ ಆಚೆಗಿರುವ ಫಿಲಿಪ್ಪೀನ್ಸ್ ದ್ವೀಪಗಳಲ್ಲಿ 'ತುರೊ-ತುರೊ' ಎಂಬ ಬಡ ಊಟದ ಮನೆಗಳಿವೆ. ಅವರ ಭಾಷೆಯಲ್ಲಿ ತುರೊ ಎಂದರೆ ಬೆರಳಿನಿಂದ ತೋರಿಸುವದು. ಅಡಿಗೆಯ ಪಾತ್ರೆಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಹಸಿದವನು 'ಅದು, ಇದು' ಎಂದು ಬೆರಳು ತೋರಿಸಿದರೆ ಊಟ ಬರುವದು. ಅಲ್ಲಿಯೂ ಬಾಳೆಯೆಲೆಯ ಮೇಲೆ ಅನ್ನ, ಮೀನು ಮೊದಲಾದವನ್ನಿಟ್ಟು ಕೈಯಿಂದ ಉಣ್ಣುವ ಹಳೆಯ ರೂಢಿಯಿದೆ. ಅದಕ್ಕೆ 'ಕಮಾಯನ್' ಎಂದು ಹೆಸರು. ಕಮಾಯ್ ಎಂದರೆ ಕೈ. ಮುನ್ನೂರು ವರುಷಕ್ಕೂ ಮೇಲ್ಪಟ್ಟು ಸ್ಪೇನಿನವರು, ೧೮೯೮ರಿಂದೀಚೆಗೆ ಅಮೇರಿಕದವರು ಅವರನ್ನು ಆಳಿದರು; ೧೯೪೬ರಲ್ಲಿ ಅವರಿಗೆ ಸ್ವಾತಂತ್ರ್ಯ ಬಂದಿತು. ಆಳಿದವರ ಚಮಚ-ಮುಳ್ಳುಗಳು ಅಲ್ಲಿ ಉಳಿದವು. ಕೈಯೂಟ ಹಳ್ಳಿಗರದೆಂಬ ಭಾವನೆಯೂ ಬೆಳೆಯಿತು. ಆದರೆ ಇತ್ತೀಚಿನ ದಶಕಗಳಲ್ಲಿ ಕೈಯೂಟವನ್ನೇ ಅಭಿಮಾನದಿಂದ ಮುಂದಿಡುವ ಊಟದ ಮನೆಗಳು ಆ ದೇಶದಲ್ಲಿಯೂ, ಅಲ್ಲಿಯ ಜನ ವಲಸೆ ಹೋದ ಅಮೇರಿಕದಲ್ಲಿಯೂ ತೆರೆದಿವೆ. ಅಲ್ಲಿ ಉಣ್ಣಲು ಜನರು ಮೊದಲೇ ಜಾಗ ಕಾಯ್ದಿರಿಸುವರಂತೆ. ನಮ್ಮಲ್ಲಿ ಕೈಯೂಟ ಇನ್ನೂ ಹೋಗಿಲ್ಲ. ಆದರೆ ನೆಲದ ಮೇಲೆ ಕುಳಿತು, ಹತ್ತು ಜನರೆದುರು, ಬುಟ್ಟಿಯ ರೊಟ್ಟಿ ಉಣ್ಣುವದಕ್ಕೆ ನಾಚುವ ಮಕ್ಕಳು ನಮ್ಮ ಶಾಲೆಗಳಲ್ಲಿದ್ದಾರೆ. ಅವರಿಗೆ ನಾಚಿಕೆ ಕಲಿಸಿದವರು ಯಾರು ಎಂದು ಮನೆಯ ಹಿರಿಯರು ಯೋಚಿಸಬೇಕು.

ಈ ಊಟದ ಸುಗ್ಗಿಯೆಂದರೆ ಪುಷ್ಯಮಾಸ. ಶುದ್ಧ ಅಷ್ಟಮಿಯಿಂದ ಉತ್ಸವ ಮೊದಲಾಗಿ, ಬನದ ಹುಣ್ಣಿಮೆಯ ದಿನ ತೇರು ಎಳೆಯುವರು. ಅದಕ್ಕೂ ಮುಂಚೆ 'ಪಲ್ಲೇದ ಹಬ್ಬ'. ಅಂದು ದೇವಿಗೆ ೧೦೮ ಬಗೆಯ ಪಲ್ಯಗಳ ನೈವೇದ್ಯ. ಶಾಕಂಭರಿ ಎಂಬ ಹೆಸರು ಇಲ್ಲಿ ಬರಿಯ ಶಬ್ದವಾಗಿ ಉಳಿಯುವದಿಲ್ಲ. ನೂರೆಂಟು ಎಲ್ಲಿಂದ ಬರಬೇಕೆಂದು ಕೇಳುವಿರಾ? ಸಂತೆಯಲ್ಲಿ ಕಾಣುವ ಹತ್ತಿಪ್ಪತ್ತು ಕಾಯಿಗಳ ಆಚೆಗೆ, ಹೊಲದ ಬದುವಿನಲ್ಲಿ ತಾನಾಗಿ ಬೆಳೆದ ಸೊಪ್ಪುಗಳ ಹೆಸರು ಬಲ್ಲ ಅಜ್ಜಿಯರನ್ನು ಕೇಳಿರಿ. ಎಣಿಕೆ ಅವರಿಗೆ ಕಷ್ಟವಾಗಲಾರದು. ಮುಂದೆ ವಾರಗಟ್ಟಲೆ ಜಾತ್ರೆ. ನಾಟಕ ಕಂಪನಿಗಳ ಡೇರೆಗಳು, ದನಗಳ ಪೇಟೆ, ಮನೆಯ ಬಾಗಿಲು-ಚೌಕಟ್ಟುಗಳ ವ್ಯಾಪಾರ. ನಾಟಕ ಬೆಳತನಕ ನಡೆಯುವದರಿಂದ ಹಸಿವೆಗೆ ಹೊತ್ತು-ಗೊತ್ತಿಲ್ಲ. ಆ ದಿನಗಳಲ್ಲಿ ಬುಟ್ಟಿಗಳ ಸಂಖ್ಯೆಯೂ ಹೆಚ್ಚುವದು.

ಜಾತ್ರೆಯ ಗಳಿಕೆಯನ್ನು ನಂಬಿ ವರುಷ ಕಳೆಯುವ ಸಂಸಾರಗಳಿಗೆ ಒಂದು ವರುಷ ತಪ್ಪಿದರೆ ಏನಾಗುವದೆಂಬುದನ್ನು ಸುಖವಾಗಿರುವವರು ಊಹಿಸಲಾರರು. ೨೦೧೯ರಲ್ಲಿ ಮಲಪ್ರಭೆಯ ಪ್ರವಾಹ ಬಂದು ಬಾದಾಮಿ ತಾಲೂಕಿನ ಹೊಳೆಸಾಲಿನ ಊರುಗಳನ್ನು ಹಿಂಡಿತು. ಅದರ ಬೆನ್ನಿಗೆ ೨೦೨೦ರ ಮಾರ್ಚಿನಲ್ಲಿ ಮಹಾಮಾರಿಯ ಭಯದಿಂದ ದೇಶದ ಗುಡಿಗಳೆಲ್ಲ ಬಾಗಿಲು ಹಾಕಿದವು. ಗುಡಿಯ ಬಾಗಿಲು ಹಾಕಿದರೆ ದೇವಿಗೆ ಒಳಗೆ ಪೂಜೆ ನಡೆದೀತು. ಹೊರಗಿನ ಬುಟ್ಟಿಗೆ ಗಿರಾಕಿಯಿಲ್ಲ. ಹೊಟೇಲಿನವನು ಪಾರ್ಸಲು ಕಟ್ಟಿ ಕೊಟ್ಟನು, ಮನೆಮನೆಗೆ ಕಳಿಸಿದನು. ಯಾತ್ರಿಕನೇ ಬಾರದಿದ್ದಾಗ ಇವಳು ರೊಟ್ಟಿಯನ್ನು ಯಾರ ಮನೆಗೆ ಕಳಿಸಬೇಕು?

ಇನ್ನು ಮುಂದೆ ಈ ಬುಟ್ಟಿಯನ್ನು ಹೊರುವವರು ಯಾರು ಎಂಬ ಪ್ರಶ್ನೆಯೂ ಇದೆ. ಅಲ್ಲಿ ಕೂತವರ ವಯಸ್ಸನ್ನು ನೋಡಿದರೆ ಸಾಕು. ಅವರ ಹೆಣ್ಣುಮಕ್ಕಳು ಶಾಲೆ ಕಲಿತಿದ್ದಾರೆ, ಕೆಲವರು ನೌಕರಿಗೆ ಹೋಗಿದ್ದಾರೆ. ಅದಕ್ಕೆ ನಾನು ಮರುಗಲಾರೆ. ಕಲಿಸುವ ವೃತ್ತಿಯವನು ಹಾಗೆ ಮರುಗಿದರೆ ಅದು ಅನ್ಯಾಯದ ಮಾತು. ನಸುಕಿನ ಮೂರು-ನಾಲ್ಕು ಗಂಟೆಗೆ ಎದ್ದು ಹೊಗೆಯ ಒಲೆಯ ಮುಂದೆ ನೂರು ರೊಟ್ಟಿ ಬಡಿದು, ಭಾರ ಹೊತ್ತು ನಡೆದು ಬರುವದನ್ನು ಮಗಳೂ ಮಾಡಲೆಂದು ಯಾವ ತಾಯಿಯೂ ಹಾರೈಸುವದಿಲ್ಲ. ಈಗ ಪಟ್ಟಣಗಳಲ್ಲಿ ಮಹಿಳಾ ಸಂಘಗಳವರು ರೊಟ್ಟಿ ಮಾಡಿ ಮಾರುತ್ತಿದ್ದಾರೆ, ರೊಟ್ಟಿ ಮಾಡುವ ಯಂತ್ರಗಳೂ ಬಂದಿವೆ. ಯಂತ್ರದ ರೊಟ್ಟಿಯನ್ನು ನಾನು ಉಂಡಿದ್ದೇನೆ. ತೆಗೆದುಹಾಕುವಂಥದಲ್ಲ, ಅಂಚು ಮಾತ್ರ ಅತಿ ದುಂಡು. ಬುಟ್ಟಿಯ ಅವ್ವಂದಿರಿಗೆ ಒಂದು ನೆರಳು, ಕುಡಿಯುವ ನೀರಿನ ನಳ, ಕೂಡ್ರಲು ಒಂದು ಕಟ್ಟೆ, ತಮ್ಮದೆನ್ನುವ ಒಂದು ಜಾಗ ಇಷ್ಟು ದೊರೆತರೆ ಈ ಕೆಲಸ ಕಷ್ಟದಿಂದ ಉದ್ಯೋಗಕ್ಕೆ ಏರೀತು. ಆಗ ಮಗಳು ಬಂದರೂ ಬಂದಾಳು. ಇಲ್ಲವೆ ಮಗ ಬರಲಿ, ರೊಟ್ಟಿ ಬಡಿಯಲು ಗಂಡುಕೈಗೇನು ಅಡ್ಡಿ? ಬಾರದಿದ್ದರೆ ಈಗಿನವರಾದರೂ ಸುಖವಾಗಿ ಕುಳಿತು ಮಾರಲಿ.

ನೀವು ಹೋಗುವವರಿದ್ದರೆ ಕೆಲವು ಮಾತು. ಬಾದಾಮಿಯಿಂದ ಬಸ್ಸುಗಳೂ ಟಂಟಂಗಳೂ ಸಿಗುವವು. ಬಾದಾಮಿಯ ಗುಹೆಗಳನ್ನು ಮುಂಜಾನೆಯ ತಂಪಿನಲ್ಲಿ ನೋಡಿಕೊಂಡು, ಹೊಟೇಲಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳದೆ, ಹನ್ನೆರಡರ ಸುಮಾರಿಗೆ ಬನಶಂಕರಿಗೆ ಬನ್ನಿರಿ. ಒಬ್ಬಳ ಹತ್ತಿರ ಕುಳಿತ ಮೇಲೆ ಇನ್ನೊಬ್ಬಳ ಬುಟ್ಟಿಯತ್ತ ಕೈ ತೋರಿಸಬೇಡಿರಿ. ಅವರವರಲ್ಲಿ ಅದರಿಂದ ಮನಸ್ತಾಪ ಬರುವದು. ಎಷ್ಟು ಹಣವೆಂದು ಮೊದಲೇ ಕೇಳುವದರಲ್ಲಿ ತಪ್ಪಿಲ್ಲ. ಚಿಲ್ಲರೆ ಇಟ್ಟುಕೊಂಡು ಹೋಗಿರಿ. ಉಂಡ ಎಲೆ, ಕಾಗದವನ್ನು ಹೊಂಡದತ್ತ ಎಸೆಯದೆ ಅವಳನ್ನೇ ಕೇಳಿ ಹಾಕತಕ್ಕಲ್ಲಿ ಹಾಕಿರಿ. ಮಧ್ಯಾಹ್ನ ಮೂರರ ಮೇಲೆ ಹೋದರೆ ರೊಟ್ಟಿ ಸಿಕ್ಕರೂ ಮೊಸರಿನ ಗಡಿಗೆ ಸಿಗುವ ಭರವಸೆಯಿಲ್ಲ; ಅವು ಮೊದಲು ಖಾಲಿಯಾಗುವವು.